ಕೇಸ್ ಬುಕ್ಕಿನಲ್ಲಿ ಇಪ್ಪತ್ತು ಹೆರಿಗೆ

ಹೊಸದಾಗಿ ಡ್ಯೂಟಿಗೆ ಸೇರಿದ ಹುಡುಗಿಯರ ಸರ್ಟಿಫಿಕೇಟುಗಳನ್ನು ಆಫೀಸಿನವರು ನೋಡುತ್ತಾರೆ. ನಾನು ಅವರ ಕೇಸ್ ಬುಕ್ಕು ತರಿಸಿಕೊಂಡು ನೋಡುತ್ತೇನೆ. ನರ್ಸಿಂಗ್ ಓದುವಾಗ ವಿದ್ಯಾರ್ಥಿನಿ ತಾನು ಮಾಡಿಸಿದ ಒಂದೊಂದು ಹೆರಿಗೆಯನ್ನೂ ಅದರಲ್ಲಿ ಬರೆದಿಡಬೇಕು. ಎಷ್ಟನೇ ಬಸಿರು, ನೋವು ಶುರುವಾದದ್ದು ಎಷ್ಟು ಹೊತ್ತಿಗೆ, ಮಗುವಿನ ತೂಕ ಎಷ್ಟು, ಹುಟ್ಟಿದ ಕೂಡಲೇ ಅತ್ತಿತೇ, ಮಾಸು ಪೂರ್ತಿ ಬಿತ್ತೇ, ರಕ್ತ ಎಷ್ಟು ಹೋಯಿತು. ಕೆಳಗೆ ಟ್ಯೂಟರ್ ಸಹಿ. ಭಾರತೀಯ ನರ್ಸಿಂಗ್ ಪರಿಷತ್ತಿನ ಬಿ.ಎಸ್ಸಿ. ಪಠ್ಯಕ್ರಮ ಬಹಳ ವರ್ಷಗಳ ಕಾಲ ಇದಕ್ಕೆ ಲೆಕ್ಕ ಕಟ್ಟಿಕೊಟ್ಟಿತ್ತು: 30 ಬಸುರಿಯರ ತಪಾಸಣೆ, 20 ಸಹಜ ಹೆರಿಗೆ, ಉಸಿರಾಡದೆ ಹುಟ್ಟಿದ 5 ಮಕ್ಕಳಿಗೆ ಉಸಿರು ಹಿಡಿಸುವುದು, 20 ಬಾಣಂತಿಯರ ಆರೈಕೆ.

ನನ್ನ ಕೈಗೆ ಬರುವ ಪುಸ್ತಕಗಳಲ್ಲಿ ಇಪ್ಪತ್ತೂ ತುಂಬಿರುತ್ತವೆ. ಆದರೆ ಎಷ್ಟೋ ಪುಸ್ತಕಗಳಲ್ಲಿ ಇಪ್ಪತ್ತೂ ಮಕ್ಕಳ ತೂಕ ಮೂರು ಕೆ.ಜಿ.ಯ ಆಸುಪಾಸು, ಇಪ್ಪತ್ತೂ ಮಕ್ಕಳು ಹುಟ್ಟಿದ ತಕ್ಷಣ ಅತ್ತಿವೆ, ಎಲ್ಲವೂ ಒಂದೇ ಪೆನ್ನಿನಲ್ಲಿ ಒಂದೇ ಸಲ ಕೂತು ಬರೆದವು. ಆಗ ನಾನು ಪುಸ್ತಕ ಮುಚ್ಚಿಟ್ಟು ಕೇಳುತ್ತೇನೆ.

‘ನಿನ್ನ ಕೈಗೇ ಬಂದ ಮಕ್ಕಳು ಎಷ್ಟಮ್ಮ?’

‘ಎರಡು, ಅಕ್ಕ. ಇನ್ನೊಂದರಲ್ಲಿ ಸಿಸ್ಟರ್ ಜೊತೆ ಕೈ ಹಿಡಿದಿದ್ದೆ. ಮಿಕ್ಕಿದ್ದು ನಿಂತುಕೊಂಡು ನೋಡಿದ್ದು.’

ಹೀಗೆ ಹೇಳಿದವಳನ್ನು ನಾನು ಬೈಯುವುದಿಲ್ಲ. ನಿಜ ಹೇಳಿದವಳಿಗೆ ಕಲಿಸುವುದು ಸುಲಭ.

ನನ್ನೂರು ಹಿಂದೂಪುರದಿಂದ ಮಡಕಶಿರಾಕ್ಕೆ ಹೋಗುವ ದಾರಿಯಲ್ಲಿದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ನರ್ಸಿಂಗ್ ಓದಿದ್ದು ಬೆಂಗಳೂರಿನಲ್ಲಿ ಇಂಗ್ಲಿಷಿನಲ್ಲಿ. ಎರಡು ದಶಕಕ್ಕೂ ಮೇಲಾಯಿತು, ಕಲ್ಯಾಣದುರ್ಗದ ಹೆರಿಗೆ ಕೋಣೆಯಲ್ಲೇ ಕೆಲಸ. ಅನಂತಪುರ ಜಿಲ್ಲೆಯ ಹಳ್ಳಿಗಳವರ ಜೊತೆಗೆ ಪಾವಗಡ ತಾಲ್ಲೂಕಿನ ವೈ.ಎನ್. ಹೊಸಕೋಟೆ ಕಡೆಯವರೂ ಬರುತ್ತಾರೆ. ನಮ್ಮ ಸೀಮೆಯ ಎಷ್ಟೋ ಮನೆಗಳಲ್ಲಿ ಈಗ ಒಬ್ಬಳಾದರೂ ನರ್ಸಿಂಗ್ ಓದುತ್ತಾಳೆ. ಮಳೆ ವರ್ಷಕ್ಕೆ 550 ಮಿಲಿಮೀಟರ್ ಸುತ್ತಮುತ್ತ, ಕಡ್ಲೆಕಾಯಿ ಬೆಳೆ ಬಂದರೆ ಬಂತು, ಹೋದರೆ ಹೋಯಿತು. ಹಿಂದೂಪುರದಿಂದ ಬೆಂಗಳೂರು ಸುಮಾರು 100 ಕಿಲೋಮೀಟರು, ಅಲ್ಲಿ ಆಸ್ಪತ್ರೆಗಳಿಗೆ ಕೊನೆಯಿಲ್ಲ. ಮಗಳು ನರ್ಸಾದರೆ ಮನೆ ದಡ ಹತ್ತುತ್ತದೆ ಅನ್ನುವ ಲೆಕ್ಕ ತಪ್ಪಲ್ಲ. ಸಾಲ ಮಾಡಿ ಓದಿಸುತ್ತಾರೆ. ಕೆಲವರು ಆಂಧ್ರದ ಡಾ. ಎನ್.ಟಿ.ಆರ್. ಆರೋಗ್ಯ ವಿಶ್ವವಿದ್ಯಾಲಯದ ಕೆಳಗಿನ ಕಾಲೇಜುಗಳಿಗೆ, ಇನ್ನು ಕೆಲವರು ಗಡಿ ದಾಟಿ ಕರ್ನಾಟಕದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕೆಳಗಿನ ಕಾಲೇಜುಗಳಿಗೆ ಸೇರುತ್ತಾರೆ. ಮೊದಲನೆಯದು ಶುರುವಾದದ್ದು 1986ರಲ್ಲಿ, ಎರಡನೆಯದು 1996ರಲ್ಲಿ. ಬಿ.ಎಸ್ಸಿ. ನಾಲ್ಕು ವರ್ಷ, ಜಿ.ಎನ್.ಎಂ. ಮೂರು ವರ್ಷ. ಅಷ್ಟು ವರ್ಷ ಓದಿ ಬಂದವಳಿಗೆ ರಾತ್ರಿ ಪಾಳಿಯಲ್ಲಿ ಹೆರಿಗೆ ಕೋಣೆ ಒಪ್ಪಿಸಬಹುದೇ ಎನ್ನುವುದು ನನ್ನ ದಿನನಿತ್ಯದ ಪ್ರಶ್ನೆ.

ಮೊದಲು ಕಾಲೇಜುಗಳಿಗೆ ಸಲ್ಲಬೇಕಾದದ್ದು ಸಲ್ಲಲಿ. ಈಗಿನ ಹುಡುಗಿಯರ ಪುಸ್ತಕಜ್ಞಾನ ನಮ್ಮ ಕಾಲದವರಿಗಿಂತ ಚೆನ್ನಾಗಿದೆ. ಮಗು ಹುಟ್ಟಿದ ಒಂದು ನಿಮಿಷದೊಳಗೆ ತಾಯಿಗೆ 10 ಯೂನಿಟ್ ಆಕ್ಸಿಟೋಸಿನ್ ಚುಚ್ಚಬೇಕು, ಅದರಿಂದ ಗರ್ಭಕೋಶ ಬಿಗಿಯಾಗಿ ರಕ್ತ ನಿಲ್ಲುತ್ತದೆ ಎಂದು ಕೇಳಿದ ಕೂಡಲೇ ಹೇಳುತ್ತಾರೆ. ನಾವು ಕಲಿತದ್ದು ಹೆರಿಗೆ ನೋವು ಜೋರಾಗುವ ಘಟ್ಟ ಗರ್ಭಕಂಠ 4 ಸೆಂಟಿಮೀಟರ್ ತೆರೆದಾಗ ಶುರು ಎಂದು. ವಿಶ್ವ ಆರೋಗ್ಯ ಸಂಸ್ಥೆ 2020ರ ತನ್ನ ಹೊಸ ಹೆರಿಗೆ ಪಟ್ಟಿಯಲ್ಲಿ ಅದನ್ನು 5 ಸೆಂಟಿಮೀಟರಿಗೆ ಏರಿಸಿತು. ಈ ಬದಲಾವಣೆಯನ್ನು ನಮ್ಮ ವಾರ್ಡಿಗೆ ತಂದವಳು ಹೊಸದಾಗಿ ಓದಿ ಬಂದ ಹುಡುಗಿಯೇ. 2021ರಲ್ಲಿ ನರ್ಸಿಂಗ್ ಪರಿಷತ್ತು ಬಿ.ಎಸ್ಸಿ. ಪಠ್ಯಕ್ರಮವನ್ನೇ ಸೆಮಿಸ್ಟರ್ ಪದ್ಧತಿಗೆ ತಂದು, ಗೊಂಬೆಗಳ ಮೇಲೆ ಅಭ್ಯಾಸ ಮಾಡುವ ಸ್ಕಿಲ್ ಲ್ಯಾಬಿಗೆ ಒತ್ತು ಕೊಟ್ಟಿದೆ. ಅದು ಒಳ್ಳೆಯದೇ. ಗೊಂಬೆಯ ಮೇಲೆ ಹತ್ತು ಸಲ ಉಸಿರು ತುಂಬುವ ಅಂಬು ಬ್ಯಾಗ್ ಒತ್ತಿದ ಕೈ, ನಿಜವಾದ ಕೂಸು ನೀಲಿಗಟ್ಟಿ ಬಂದಾಗ ಅಷ್ಟಾಗಿ ನಡುಗುವುದಿಲ್ಲ.

ಆದರೆ ಗೊಂಬೆ ರಕ್ತ ಸುರಿಸುವುದಿಲ್ಲ. ನನಗೆ ಬಹಳ ಕಾಳಜಿಯಿರುವ ವಿಷಯ ಇದೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಸಹಜ ಹೆರಿಗೆಯ ಮೇಲೆ 500 ಮಿಲಿಲೀಟರಿಗಿಂತ ಹೆಚ್ಚು ರಕ್ತ ಹೋದರೆ ಅದು ಅಪಾಯ ಎಂದು ಪುಸ್ತಕ ಹೇಳುತ್ತದೆ. ಪರೀಕ್ಷೆಯಲ್ಲಿ ಎಲ್ಲರೂ ಬರೆಯುತ್ತಾರೆ. ವಾರ್ಡಿನಲ್ಲಿ ರಕ್ತ ಅಳತೆಯ ಜಾಡಿಗೆ ಬಂದು ಬೀಳುವುದಿಲ್ಲ. ಹಾಸಿದ ಬಟ್ಟೆಯಲ್ಲಿ ಇಂಗುತ್ತದೆ, ಮಂಚದ ಅಂಚಿನಿಂದ ಬಕೆಟ್ಟಿಗೆ ಇಳಿಯುತ್ತದೆ, ಸೀರೆಯ ಮಡಿಕೆಯಲ್ಲಿ ಕಾಣದೆ ಉಳಿಯುತ್ತದೆ. ನಮ್ಮ ಕಡೆಯ ಹೆಂಗಸರಲ್ಲಿ ರಕ್ತಹೀನತೆ ವಿಪರೀತ. ಹಿಮೋಗ್ಲೋಬಿನ್ ಎಂಟು, ಏಳು ಇಟ್ಟುಕೊಂಡೇ ಹೆರಿಗೆಗೆ ಬರುತ್ತಾರೆ. ಅಂಥವಳಿಗೆ 500 ತುಂಬುವ ತನಕ ಕಾಯುವಂತಿಲ್ಲ. ಹೊಸ ಹುಡುಗಿ ಬಂದ ಮೊದಲ ವಾರ ನಾನು ಕೆಂಪು ಬಣ್ಣ ಕಲಸಿದ ನೀರನ್ನು ಅಳೆದು ಹಳೇ ಸೀರೆ ತುಂಡು, ಹತ್ತಿ ಪ್ಯಾಡು, ಗಾಜ್ ಬಟ್ಟೆಗಳ ಮೇಲೆ ಸುರಿದಿಟ್ಟು ‘ಎಷ್ಟಿದೆ ಹೇಳು’ ಅನ್ನುತ್ತೇನೆ. ಮೊದಲ ದಿನ ಹೆಚ್ಚುಕಡಿಮೆ ಎಲ್ಲರೂ ಇದ್ದುದಕ್ಕಿಂತ ಬಹಳ ಕಡಿಮೆ ಹೇಳುತ್ತಾರೆ. ರ‍್ಯಾಂಕ್ ಬಂದವರೂ ಅಷ್ಟೇ. ಕಣ್ಣಳತೆ ನಂಬಬಾರದು ಅನ್ನುವುದು ಪ್ರಪಂಚದಾದ್ಯಂತ ಗೊತ್ತಿರುವ ಸಂಗತಿ. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾದ 80 ಆಸ್ಪತ್ರೆಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳ ಮೇಲೆ ನಡೆದ ‘ಇ-ಮೋಟಿವ್’ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಅವರು ಮಾಡಿದ್ದು ಇಷ್ಟೆ: ತಾಯಿಯ ಕೆಳಗೆ ಅಳತೆಯ ಗೆರೆಯಿರುವ ಪ್ಲಾಸ್ಟಿಕ್ ಹಾಳೆ ಹಾಸಿದರು. ಗೆರೆ ಮುಟ್ಟಿದ ಕೂಡಲೇ ಗರ್ಭಕೋಶ ತೀಡುವುದು, ಆಕ್ಸಿಟೋಸಿನ್, ಟ್ರಾನೆಕ್ಸಾಮಿಕ್ ಆಸಿಡ್, ಡ್ರಿಪ್, ತಪಾಸಣೆ ಎಲ್ಲವನ್ನೂ ಒಂದರ ಹಿಂದೆ ಒಂದಕ್ಕೆ ಕಾಯದೆ ಒಟ್ಟಿಗೇ ಶುರುಮಾಡಿದರು. ತೀವ್ರ ರಕ್ತಸ್ರಾವ ಮತ್ತು ಅದರಿಂದಾಗುವ ಶಸ್ತ್ರಚಿಕಿತ್ಸೆ, ಸಾವುಗಳು ಒಟ್ಟಾರೆ ಶೇಕಡಾ 60ರಷ್ಟು ಇಳಿದವು. ಹೊಸ ಔಷಧ ಒಂದೂ ಇಲ್ಲ. ಇದ್ದ ಜ್ಞಾನವನ್ನೇ ಕೈಗೆ ಇಳಿಸಿದ್ದು.

ಹಾಗೆ ಕೈಗೆ ಇಳಿಯುವುದು ಕಾಲೇಜಿನಲ್ಲಿ ಯಾಕೆ ಆಗುತ್ತಿಲ್ಲ? ಲೆಕ್ಕ ಹಾಕಿ ನೋಡಿ. ಒಂದು ತರಗತಿಯಲ್ಲಿ 60 ವಿದ್ಯಾರ್ಥಿಗಳು, ತಲೆಗೆ 20 ಸಹಜ ಹೆರಿಗೆ ಅಂದರೆ ಒಂದು ಬ್ಯಾಚಿಗೆ 1,200 ಹೆರಿಗೆ ಬೇಕು. ಕಾಲೇಜಿಗೆ ಸ್ವಂತ 100 ಹಾಸಿಗೆಯ ಆಸ್ಪತ್ರೆ ಇದ್ದರೂ ಅದರಲ್ಲಿ ಹೆರಿಗೆಗೆ ಮೀಸಲಾದ ಹಾಸಿಗೆ ಕೆಲವೇ. ಬಂದವರಲ್ಲೂ ಎಷ್ಟೋ ಜನಕ್ಕೆ ಸಿಸೇರಿಯನ್. ದುಡ್ಡು ಕೊಟ್ಟು ಬಂದ ಮನೆಯವರು ವಿದ್ಯಾರ್ಥಿನಿಯನ್ನು ಹತ್ತಿರ ಸೇರಿಸುವುದೂ ಇಲ್ಲ. ಆಗ ಸರ್ಕಾರಿ ಹೆರಿಗೆ ಆಸ್ಪತ್ರೆಗೆ ಪೋಸ್ಟಿಂಗ್ ಹಾಕಿಸುತ್ತಾರೆ. ಅಲ್ಲಿ ಬೇರೆ ಕಾಲೇಜಿನ ಹುಡುಗಿಯರೂ ಇರುತ್ತಾರೆ, ಎಂ.ಬಿ.ಬಿ.ಎಸ್. ಹುಡುಗರೂ ಇರುತ್ತಾರೆ, ಹೌಸ್ ಸರ್ಜನ್‌ಗಳಿಗೂ ಸ್ನಾತಕೋತ್ತರ ವೈದ್ಯರಿಗೂ ಅದೇ ಹೆರಿಗೆ ಬೇಕು. ಒಬ್ಬ ಹೆಂಗಸಿನ ಸುತ್ತ ಹತ್ತು ಜನ. ಅವಳ ಮಾನದ ಮಾತು ಹಾಗಿರಲಿ, ಕಲಿಯುವವಳಿಗೆ ಕಾಣುವುದು ಮುಂದೆ ನಿಂತವರ ಬೆನ್ನು. ಕೊನೆಗೆ ಕೇಸ್ ಬುಕ್ಕು ತುಂಬಲೇಬೇಕು, ತುಂಬುತ್ತದೆ.

ಇತ್ತ ಹಿಂದೂಪುರದ ಜಿಲ್ಲಾ ಆಸ್ಪತ್ರೆಯಲ್ಲೂ ನಮ್ಮ ಕಲ್ಯಾಣದುರ್ಗದಲ್ಲೂ ಹಗಲು ರಾತ್ರಿ ಹೆರಿಗೆಗಳು ಆಗುತ್ತಲೇ ಇರುತ್ತವೆ. ಕಲಿಯಬೇಕಾದವರು ದೊಡ್ಡ ಊರಿನಲ್ಲಿ ಸಾಲುಗಟ್ಟಿ ನಿಂತಿದ್ದಾರೆ, ಕಲಿಸಬಲ್ಲ ಕೆಲಸ ಇಲ್ಲಿ ಬಿದ್ದಿದೆ. ಇಷ್ಟು ವರ್ಷದಲ್ಲಿ ನನಗೆ ಖಾತ್ರಿಯಾದ ಒಂದೇ ಮಾತಿದ್ದರೆ ಅದು ಇದು: ಕೊನೆಯ ವರ್ಷದ ವಿದ್ಯಾರ್ಥಿಗಳನ್ನು ಚಿಕ್ಕ ಊರಿನ ಆಸ್ಪತ್ರೆಗಳಿಗೆ ಕಳಿಸಬೇಕು. ನಾಲ್ಕು ದಿನದ ಪ್ರವಾಸಕ್ಕಲ್ಲ, ತಿಂಗಳುಗಟ್ಟಲೆ ಇರಲು. ಊಟ ವಸತಿ ಕೊಟ್ಟು, ರಾತ್ರಿ ಪಾಳಿಯನ್ನೂ ಹಾಕಿ.

ಡಾಕ್ಟರ ಓದಿನಲ್ಲಿ ಈ ಯೋಚನೆ ಹಳೆಯದು. ಸ್ವಾತಂತ್ರ್ಯಕ್ಕೆ ಮೊದಲೇ, 1946ರಲ್ಲಿ, ಭೋರ್ ಸಮಿತಿ ವೈದ್ಯ ವಿದ್ಯಾರ್ಥಿಗಳಿಗೆ ಸಮಾಜದ ಆರೋಗ್ಯದ ಬಗ್ಗೆ ಮೂರು ತಿಂಗಳ ತರಬೇತಿ ಬೇಕು ಎಂದಿತ್ತು. 1975ರ ಶ್ರೀವಾಸ್ತವ ಸಮಿತಿಯ ವರದಿಯ ಬೆನ್ನಿಗೆ 1977ರಲ್ಲಿ ‘ರೋಮ್’ ಯೋಜನೆ ಬಂತು. ಪ್ರತಿ ವೈದ್ಯಕೀಯ ಕಾಲೇಜು ಹಳ್ಳಿಗಾಡಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ದತ್ತು ತೆಗೆದುಕೊಂಡು ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ಯಬೇಕಿತ್ತು. ಹೆಚ್ಚು ಕಡೆ ಅದು ವ್ಯಾನು ಓಡಿಸುವುದಕ್ಕೇ ನಿಂತಿತು. 2019ರಿಂದ ಎಂ.ಬಿ.ಬಿ.ಎಸ್. ಪಠ್ಯಕ್ರಮ ‘ಏನು ಗೊತ್ತು’ ಎನ್ನುವುದರ ಜೊತೆ ‘ಏನು ಮಾಡಬಲ್ಲ’ ಎಂದೂ ಕೇಳತೊಡಗಿದೆ. ರೋಗಿಯ ಜೊತೆ ಮಾತಾಡುವ ರೀತಿ, ನೀತಿ ನಡವಳಿಕೆಗಳಿಗೂ ಪಾಠ ಇಟ್ಟಿದ್ದಾರೆ, ಮೊದಲ ತಿಂಗಳಲ್ಲೇ ಸ್ಥಳೀಯ ಭಾಷೆಯನ್ನೂ ಸೇರಿಸಿದ್ದಾರೆ. ಆಮೇಲೆ ಪ್ರತಿ ವಿದ್ಯಾರ್ಥಿ ಹಳ್ಳಿಯ ಕೆಲವು ಕುಟುಂಬಗಳನ್ನು ವರ್ಷಗಟ್ಟಲೆ ನೋಡಿಕೊಳ್ಳುವ ಕಾರ್ಯಕ್ರಮವೂ ಬಂತು. ಸ್ನಾತಕೋತ್ತರ ವೈದ್ಯರು ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿ ಇರಲೇಬೇಕೆಂಬ ನಿಯಮವಂತೂ ನಮ್ಮಂಥ ಊರುಗಳಿಗೆ ವರ. ಆ ಮೂರು ತಿಂಗಳಲ್ಲಿ ಬಂದ ಹುಡುಗ ಡಾಕ್ಟರು ಹಾವು ಕಚ್ಚಿದವರನ್ನು, ವಿಷ ಕುಡಿದವರನ್ನು, ಗದ್ದೆಯಿಂದ ನೇರ ಬಂದ ಬಸುರಿಯನ್ನು ನೋಡುತ್ತಾರೆ.

ಕೆಟ್ಟಿರುವುದು ಹೌಸ್ ಸರ್ಜನ್ ವರ್ಷ. ನಾಲ್ಕೂವರೆ ವರ್ಷ ಓದಿದ ಮೇಲೆ ಒಂದು ಪೂರ್ತಿ ವರ್ಷ ಕೈಕೆಲಸ ಕಲಿಯಲೆಂದೇ ಇಟ್ಟದ್ದು. ಅದೇ ವರ್ಷ ಅವರ ತಲೆಯ ಮೇಲೆ ಸ್ನಾತಕೋತ್ತರ ಸೀಟಿನ ನೀಟ್ ಪಿ.ಜಿ. ಪರೀಕ್ಷೆಯ ಕತ್ತಿ ತೂಗುತ್ತಿರುತ್ತದೆ. ಹೊಲಿಗೆ ಹಾಕಲು ಕರೆದರೆ ಮೊಬೈಲಿನಲ್ಲಿ ಪ್ರಶ್ನೆ ಬಿಡಿಸುತ್ತಿರುತ್ತಾರೆ. ನಾನು ಆ ಮಕ್ಕಳನ್ನು ದೂರುವುದಿಲ್ಲ. ಆ ಪರೀಕ್ಷೆಯಲ್ಲಿ ಸೀಟು ಸಿಕ್ಕರೆ ಬದುಕು, ಇಲ್ಲದಿದ್ದರೆ ಮತ್ತೊಂದು ವರ್ಷ ಕೋಚಿಂಗ್. ಒಳ್ಳೆಯ ಹೊಲಿಗೆಗೆ ಅಂಕ ಕೊಡದ ಪರೀಕ್ಷೆ ಇಟ್ಟು, ಹೊಲಿಗೆ ಕಲಿಯಲಿಲ್ಲ ಎನ್ನುವುದು ಅನ್ಯಾಯ.

ಲ್ಯಾಬ್ ಟೆಕ್ನಿಷಿಯನ್, ಎಕ್ಸ್‌ರೇ, ಫಿಸಿಯೋಥೆರಪಿ ಓದುಗಳಿಗೆ ಬಹಳ ಕಾಲ ದಿಕ್ಕುದೆಸೆಯೇ ಇರಲಿಲ್ಲ. ಬಸ್ ಸ್ಟ್ಯಾಂಡ್ ಎದುರಿನ ಮಹಡಿಯ ಮೇಲೂ ಸರ್ಟಿಫಿಕೇಟು ಸಿಗುತ್ತಿತ್ತು. 2021ರ ಕೇಂದ್ರ ಕಾಯ್ದೆ ಇವರಿಗೂ ಒಂದು ರಾಷ್ಟ್ರೀಯ ಆಯೋಗ ತಂದಿತು. ಸಹಾಯಕ ವೃತ್ತಿಗಳಿಗೆ ಕನಿಷ್ಠ 2,000 ಗಂಟೆ, ಪೂರ್ಣ ಆರೋಗ್ಯ ವೃತ್ತಿಗಳಿಗೆ ಕನಿಷ್ಠ 3,600 ಗಂಟೆಯ ಓದು ಎಂದು ಗೊತ್ತುಮಾಡಿತು. ಮಗನನ್ನು ಇಂಥ ಕೋರ್ಸಿಗೆ ಸೇರಿಸುವವರು ಮೊದಲು ಗಂಟೆಗಳನ್ನು ಕೇಳಬೇಕು.

ಇನ್ನು ಪಠ್ಯಕ್ರಮಕ್ಕೆ ಸುಲಭವಾಗಿ ಸಿಗದ ಒಂದು ಕೆಲಸವಿದೆ. ನಡುರಾತ್ರಿ ಬಸುರಿಗೆ ಬಿ.ಪಿ. ಏರಿದೆ, ಕಣ್ಣು ಮಂಜು ಅನ್ನುತ್ತಿದ್ದಾಳೆ, ಅನಂತಪುರಕ್ಕೆ ಕಳಿಸಬೇಕು. ಸುಮಾರು 60 ಕಿಲೋಮೀಟರು. 108 ಬಂದು ಬಾಗಿಲಲ್ಲಿ ನಿಂತಿದೆ. ಅತ್ತೆ ಒಪ್ಪುತ್ತಿಲ್ಲ. ‘ಇಲ್ಲೇ ಆಗ್ತದೆ ಕಣಮ್ಮ, ನಾನು ಐದು ಹೆತ್ತೋಳು, ನಂಗೊತ್ತಿಲ್ವಾ’ ಅನ್ನುತ್ತಾಳೆ. ಗಂಡ ಬೆಂಗಳೂರಿನಲ್ಲಿ ಗಾರೆ ಕೆಲಸದಲ್ಲಿ, ಫೋನು ಎತ್ತುತ್ತಿಲ್ಲ. ಹೊಸ ಹುಡುಗಿ ಬಿ.ಪಿ.ಯ ಅಂಕಿ ಹೇಳುತ್ತಾಳೆ, ಫಿಟ್ಸ್ ಬರಬಹುದು ಎನ್ನುತ್ತಾಳೆ, ಎಲ್ಲವೂ ಸರಿ. ಆದರೆ ಅತ್ತೆಯ ಭಯ ಬೇರೆ. ದೊಡ್ಡಾಸ್ಪತ್ರೆಯಲ್ಲಿ ಹೊಟ್ಟೆ ಕುಯ್ಯುತ್ತಾರೆ, ಅಲ್ಲಿ ನಮ್ಮೋರು ಯಾರಿದ್ದಾರೆ, ಕೈಯಲ್ಲಿ ದುಡ್ಡಿಲ್ಲ. ಮೂರನ್ನೂ ಬಾಯಿಬಿಟ್ಟು ಹೇಳುವುದಿಲ್ಲ. ಅವಳನ್ನು ಪಕ್ಕಕ್ಕೆ ಕೂರಿಸಿ, ‘ದೊಡ್ಡಮ್ಮ, ಅಲ್ಲಿ ಸರ್ಕಾರಿ ಆಸ್ಪತ್ರೆ, ದುಡ್ಡು ಕೇಳಲ್ಲ. ಜೊತೆಗೆ ನೀವೇ ಗಾಡಿ ಹತ್ತಿ. ಅಲ್ಲಿನ ಸಿಸ್ಟರಿಗೆ ನಾನೇ ಫೋನ್ ಮಾಡಿರ್ತೀನಿ’ ಅಂದರೆ ಎದ್ದು ಸೀರೆ ಸೆರಗು ಸಿಕ್ಕಿಸಿಕೊಳ್ಳುತ್ತಾಳೆ. ಈ ಮಾತು ಕಲಿಯಲು ಇನ್ನೊಬ್ಬರು ಆಡುವುದನ್ನು ಪಕ್ಕದಲ್ಲಿ ನಿಂತು ಕೇಳಬೇಕು, ಆಮೇಲೆ ತಾನೇ ಆಡಬೇಕು. ಹಿಂದೂಪುರದಲ್ಲಾದರೆ ಕನ್ನಡ, ತೆಲುಗು, ಉರ್ದು ಮೂರರಲ್ಲೂ ಆಡಬೇಕು.

ಅಮೆರಿಕದ ನರ್ಸಿಂಗ್ ಚಿಂತಕಿ ಪ್ಯಾಟ್ರಿಷಿಯಾ ಬೆನ್ನರ್ 1984ರಲ್ಲಿ ಒಂದು ಪುಸ್ತಕ ಬರೆದರು. ಹೊಸಬಳಿಂದ ನುರಿತವಳಾಗುವ ತನಕ ನರ್ಸು ಐದು ಹಂತ ದಾಟುತ್ತಾಳೆ, ಒಂದೇ ಬಗೆಯ ವಾರ್ಡಿನಲ್ಲಿ ಎರಡು ಮೂರು ವರ್ಷ ದುಡಿದ ಮೇಲಷ್ಟೇ ನಡುವಿನ ಹಂತಕ್ಕೆ ಬರುತ್ತಾಳೆ ಎಂಬುದು ಅವರ ವಾದ. ನಾನು ಕಂಡದ್ದೂ ಅದನ್ನೇ. ಹಾಗಾದರೆ ವಿಶ್ವವಿದ್ಯಾಲಯ ಒಬ್ಬಳನ್ನು ಪೂರ್ತಿ ತಯಾರುಮಾಡಿ ಕಳಿಸಲಿ ಎಂದು ಕೇಳುವುದೇ ಹೆಚ್ಚಾಯಿತು. ಕೇಳಬೇಕಾದದ್ದು, ಉಳಿದ ತಯಾರಿ ಯಾರ ಪಾಲಿಗೆ ಎಂದು. ಈಗ ಅದು ಯಾರ ಪಾಲಿಗೂ ಇಲ್ಲ. ಕಾಲೇಜಿನ ಟ್ಯೂಟರ್ ವಾರ್ಡಿನಲ್ಲಿ ಕೆಲಸ ಮಾಡುವುದಿಲ್ಲ, ಹಾಜರಿ ಹಾಕಿಸಿ ಹೋಗುತ್ತಾರೆ. ವಾರ್ಡಿನ ಇನ್‌ಚಾರ್ಜ್ ಸಿಸ್ಟರಿಗೆ ಕಲಿಸುವುದು ಡ್ಯೂಟಿ ಪಟ್ಟಿಯಲ್ಲೇ ಇಲ್ಲ. ಮೂವರ ಕೆಲಸ ಒಬ್ಬಳೇ ಮಾಡುತ್ತಿರುವಾಗ ಪಕ್ಕದಲ್ಲಿ ನಿಂತ ವಿದ್ಯಾರ್ಥಿನಿ ಅವಳಿಗೆ ಇನ್ನೊಂದು ಭಾರ.

ಇದಕ್ಕೆ ದಾರಿ ತೋರಿಸಿದವರು ನಮ್ಮ ಪಕ್ಕದಲ್ಲೇ ಇದ್ದಾರೆ. ವೆಲ್ಲೂರಿನಲ್ಲಿ, ಈಗಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಸ್ಥಾಪಕಿ ಐಡಾ ಸ್ಕಡರ್ 1909ರಲ್ಲಿ ನರ್ಸಿಂಗ್ ಶಾಲೆ ತೆರೆದರು. 1946ರಲ್ಲಿ ದೇಶದ ಮೊದಲ ನರ್ಸಿಂಗ್ ಪದವಿಗಳು ಶುರುವಾದದ್ದು ಅಲ್ಲಿ ಮತ್ತು ದೆಹಲಿಯಲ್ಲಿ. ವೆಲ್ಲೂರಿನಲ್ಲಿ ಪಾಠ ಹೇಳುವವರೇ ವಾರ್ಡಿನ ಹೊಣೆಯನ್ನೂ ಹೊರುತ್ತಾರೆ. ಬೆಳಿಗ್ಗೆ ತರಗತಿಯಲ್ಲಿ ರಕ್ತಸ್ರಾವದ ಪಾಠ ಮಾಡಿದವರು ಮಧ್ಯಾಹ್ನ ಅದೇ ರಕ್ತಸ್ರಾವಕ್ಕೆ ಕೈಹಾಕಿದಾಗ, ನೋಡಿದವಳು ಮರೆಯುವುದಿಲ್ಲ. ನಮ್ಮ ಸೀಮೆಯಲ್ಲಿ ವಿನ್ಸೆಂಟ್ ಫೆರರ್, ಆ್ಯನ್ ಫೆರರ್ ದಂಪತಿಯ ರೂರಲ್ ಡೆವಲಪ್‌ಮೆಂಟ್ ಟ್ರಸ್ಟ್ 1969ರಿಂದ ಕೆಲಸ ಮಾಡುತ್ತಿದೆ. ಕಲ್ಯಾಣದುರ್ಗ, ಕಣೇಕಲ್ಲು, ಬತ್ತಲಪಲ್ಲಿಗಳಲ್ಲಿ ಅದರ ಆಸ್ಪತ್ರೆಗಳಿವೆ, ಬತ್ತಲಪಲ್ಲಿಯಲ್ಲಿ ನರ್ಸಿಂಗ್ ಶಿಕ್ಷಣವನ್ನೂ ಆಸ್ಪತ್ರೆಯ ಜೊತೆಗೇ ನಡೆಸುತ್ತದೆ. ಹಳ್ಳಿಯ ಹುಡುಗಿ ಹಳ್ಳಿಯ ರೋಗಿಗಳ ನಡುವೆಯೇ ಓದಿದರೆ ಅವಳಿಗೆ ಮೊದಲ ಡ್ಯೂಟಿಯ ದಿನ ಊರು ಹೊಸತಾಗುವುದಿಲ್ಲ. ಸರ್ಕಾರ ಇದನ್ನು ಹಿಂದೂಪುರದಲ್ಲಿ ಮಾಡಬಾರದೇಕೆ? ಪಾಳಿಗೊಬ್ಬ ಹಿರಿಯ ನರ್ಸಿಗೆ ಕಲಿಸುವ ಹೊಣೆ, ಅದಕ್ಕೆ ತಕ್ಕ ಸಂಬಳ, ಅವಳ ಮಂಚಗಳಲ್ಲಿ ಅರ್ಧವನ್ನು ಬೇರೆಯವರಿಗೆ ಹಂಚುವುದು. ಹೊಸದಾಗಿ ಸೇರಿದವಳನ್ನು ಮೊದಲ ಎರಡು ತಿಂಗಳು ರಾತ್ರಿ ಒಬ್ಬಳೇ ಬಿಡಬಾರದೆಂಬ ನಿಯಮ. ಕೇಸ್ ಬುಕ್ಕಿಗೆ ಸಹಿ ಹಾಕುವ ಅಧಿಕಾರ ಹೆರಿಗೆಯ ಹೊತ್ತಿನಲ್ಲಿ ಪಕ್ಕದಲ್ಲಿ ನಿಂತವಳಿಗೆ ಮಾತ್ರ. ಇಷ್ಟಕ್ಕೆ ಹೊಸ ಕಟ್ಟಡ ಬೇಡ.

ಅದು ಆಗುವ ತನಕ ಮಗಳನ್ನು ಓದಿಸುವ ಅಪ್ಪ ಅಮ್ಮಂದಿರು ಕೇಳಿ ತಿಳಿಯಬೇಕಾದದ್ದು ಕೆಲವುಂಟು. ಊರಿಗೆ ಹೋದಾಗಲೆಲ್ಲ ಯಾರಾದರೂ ಬಂದು ‘ಯಾವ ಕಾಲೇಜು ಒಳ್ಳೇದಕ್ಕ’ ಎಂದು ಕೇಳುತ್ತಾರೆ. ನಾನು ಕಾಲೇಜಿನ ಹೆಸರು ಹೇಳುವುದಿಲ್ಲ. ಕಾಲೇಜಿಗೆ ಸ್ವಂತ ಆಸ್ಪತ್ರೆ ಇದೆಯೇ, ಅಲ್ಲಿ ತಿಂಗಳಿಗೆ ಎಷ್ಟು ಸಹಜ ಹೆರಿಗೆ ಆಗುತ್ತವೆ, ಆ ಹೆರಿಗೆಗಳನ್ನು ಎಷ್ಟು ವಿದ್ಯಾರ್ಥಿಗಳು, ಎಷ್ಟು ಕಾಲೇಜುಗಳು ಹಂಚಿಕೊಳ್ಳುತ್ತವೆ ಎಂದು ಕೇಳಿ ಅನ್ನುತ್ತೇನೆ. ರಾತ್ರಿ ಪೋಸ್ಟಿಂಗ್ ಹಾಕುತ್ತಾರೋ ಇಲ್ಲವೋ ಕೇಳಿ, ಹಾಕುವುದಿಲ್ಲ ಎಂದರೆ ಯೋಚನೆ ಮಾಡಿ. ಫೀಸು ಕಟ್ಟುವ ಮೊದಲು ಕೊನೆಯ ವರ್ಷದ ಹುಡುಗಿಯೊಬ್ಬಳನ್ನು ಹಾಸ್ಟೆಲ್ ಬಾಗಿಲಲ್ಲಿ ನಿಲ್ಲಿಸಿ, ಅವಳ ಕೈಗೇ ಬಂದ ಮಕ್ಕಳು ಎಷ್ಟು ಎಂದು ಕೇಳಿ. ಅವಳು ಅಂಕಿ ಹೇಳದೆ ಒಂದೊಂದೇ ಹೆರಿಗೆಯ ಕತೆ ಹೇಳಲು ಶುರುಮಾಡಿದರೆ ಅಲ್ಲಿ ಸೇರಿಸಿ.